ಮೋಶೆಯ ಧರ್ಮಶಾಸ್ತ್ರ ಮತ್ತು ಕನ್ನಡ ಕ್ರೈಸ್ತರು

ಮೋಶೆಯ ಧರ್ಮಶಾಸ್ತ್ರ: ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿ ಅಡಕವಾಗಿರುವ, ಪ್ರಾಚೀನ ಇಸ್ರಾಯೇಲ್ಯರ ಧಾರ್ಮಿಕ ಮತ್ತು ಸಾಮಾಜಿಕ ಕಟ್ಟಳೆಗಳಿಗೆ ಕನ್ನಡದಲ್ಲಿ ಬಳಕೆಯಾಗಿರುವ ಹೆಸರು. ಹೀಬ್ರೂವಿನಲ್ಲಿ ಇದು ತೋರಾ. ಯೆಹೂದಿ ಸಂಪ್ರದಾಯ ಇದರಲ್ಲಿ 613 ಆಜ್ಞೆಗಳನ್ನು ಎಣಿಸುತ್ತದೆ. 248 ಮಾಡಬೇಕಾದವು, 365 ಮಾಡಬಾರದವು. ಇವೆಲ್ಲ ಒಂದೇ ಕಾಲದಲ್ಲಿ ಒಬ್ಬನ ಕೈಯಿಂದ ಬಂದವಲ್ಲ ಎಂಬುದು ಆಧುನಿಕ ವಿದ್ವಾಂಸರ ಸಾಮಾನ್ಯ ನಿಲುವು. ವಿಮೋಚನಕಾಂಡದ 20ರಿಂದ 23ನೆಯ ಅಧ್ಯಾಯಗಳ ಒಡಂಬಡಿಕೆಯ ಸಂಹಿತೆ, ಧರ್ಮೋಪದೇಶಕಾಂಡದ 12ರಿಂದ 26ರವರೆಗಿನ ಸಂಹಿತೆ, ಯಾಜಕಕಾಂಡದ 17ರಿಂದ 26ರವರೆಗಿನ ಪಾವಿತ್ರ್ಯ ಸಂಹಿತೆ ಎಂದು ಕನಿಷ್ಠ ಮೂರು ಪದರಗಳನ್ನು ಅವರು ಗುರುತಿಸುತ್ತಾರೆ. ಎತ್ತು ಹಾಯ್ದು ಮನುಷ್ಯ ಸತ್ತರೆ ಹೊಣೆ ಯಾರದು ಎಂಬಂಥ ವಿಧಿಗಳು ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ಹಮ್ಮುರಬಿಯ ಶಾಸನದಲ್ಲೂ ಇವೆ. ಅಂದರೆ ಇವು ಹೊಲ, ಹಟ್ಟಿ, ಸಾಲ, ಸಂಬಂಧಗಳ ನಡುವೆ ಬದುಕಿದ ಜನರ ಕಟ್ಟಳೆಗಳು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಲಿಗೆ ಸಂಬಂಧಿಸಿದ ವಿಧಿಗಳನ್ನು ಯೆಹೂದ್ಯರೂ ನಡೆಸಲಾಗದೆ ಹೋಯಿತು.

ಕನ್ನಡ ಕ್ರೈಸ್ತರ ಪಾಲಿಗೆ ಈ ವಿಷಯ ಒಂದು ಅನುವಾದದಿಂದಲೇ ತೊಡಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ತುಮಕೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ 1830ರ ದಶಕದ ಕೊನೆಗೆ ಗುಬ್ಬಿಯಲ್ಲಿ ನೆಲೆಯೂರಿತು. ಆ ಪರಂಪರೆಯ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕನ್ನಡ ಬೈಬಲಿನಲ್ಲಿ ಮೋಶೆಯ ಪುಸ್ತಕಗಳಿಗೆ ರಾಮಾಯಣದ ಹಾಗೆ ‘ಕಾಂಡ’ಗಳೆಂಬ ಹೆಸರು ಬಂತು, ಅವುಗಳೊಳಗಿನ ಕಟ್ಟಳೆಗೆ ‘ಧರ್ಮಶಾಸ್ತ್ರ’ ಎಂಬ ಹೆಸರು ನಿಂತಿತು. ತೋರಾ ಎಂದರೆ ಮೂಲತಃ ಬೋಧನೆ, ದಾರಿ ತೋರಿಸುವ ಮಾತು. ಕನ್ನಡ ಕಿವಿಗೆ ಧರ್ಮಶಾಸ್ತ್ರ ಎಂದೊಡನೆ ಮನು, ಯಾಜ್ಞವಲ್ಕ್ಯ, ಮಡಿ, ಮೈಲಿಗೆ, ಪ್ರಾಯಶ್ಚಿತ್ತಗಳು ನೆನಪಿಗೆ ಬರುತ್ತವೆ. ಹೀಗಾಗಿ ಇಲ್ಲಿನ ಪ್ರಶ್ನೆ ಯುರೋಪಿನದಕ್ಕಿಂತ ಮೊನಚಾಗಿದೆ: ಒಂದು ಶಾಸ್ತ್ರದ ಮೈಲಿಗೆಯಿಂದ ಬಿಡಿಸಿಕೊಂಡು ಬಂದವರಿಗೆ ಇನ್ನೊಂದು ಶಾಸ್ತ್ರದ ಮೈಲಿಗೆ ಏಕೆ? ಈ ಲೇಖನದ ವಾದ ಇಷ್ಟು: ಕ್ರೈಸ್ತರಿಗೆ ಈ ಕಟ್ಟಳೆಗಳು ಅಕ್ಷರಶಃ ಬಂಧನವಾಗುವುದಿಲ್ಲ, ರದ್ದಾದ ಕಾಗದವೂ ಆಗುವುದಿಲ್ಲ. ಒಂದೊಂದು ಕಟ್ಟಳೆ ಯಾರನ್ನು ಕಾಯಲು ಹುಟ್ಟಿತೆಂದು ಕೇಳಿ, ಆ ಕಾವಲನ್ನು ಉಳಿಸಿಕೊಳ್ಳುವುದೇ ಅವುಗಳ ಇಂದಿನ ಅರ್ಥ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯಲ್ಲಿ ಈ ಮಾತನ್ನು ಒರೆಗೆ ಹಚ್ಚಲು ಬೇಕಾದ ಸಂಗತಿಗಳೆಲ್ಲ ಕಣ್ಣೆದುರೇ ಇವೆ.

ಆದಿಸಭೆಯ ತೀರ್ಮಾನ

ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರೇ. ಅನ್ಯಜನರು ಸಭೆಗೆ ಬರತೊಡಗಿದಾಗ ಅವರಿಗೆ ಸುನ್ನತಿ ಬೇಕೇ ಎಂಬ ಜಗಳ ಎದ್ದಿತು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ವರದಿ ಮಾಡುವ ಯೆರೂಸಲೇಮ್ ಸಭೆ, ಸುಮಾರು ಕ್ರಿ.ಶ. 49ರಲ್ಲಿ, ಸುನ್ನತಿ ಬೇಡವೆಂದು ತೀರ್ಮಾನಿಸಿ ನಾಲ್ಕನ್ನು ಮಾತ್ರ ಕೇಳಿತು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಜಾರತ್ವ ಇವುಗಳಿಂದ ದೂರವಿರಬೇಕು. ಮುಂದೆ ಈ ನಾಲ್ಕೂ ಒಂದೇ ತೆರನಾಗಿ ಉಳಿಯಲಿಲ್ಲ. ಹಿಸುಕಿ ಕೊಂದದ್ದನ್ನು ತಿನ್ನಬಾರದೆಂಬ ನೇಮ ತನ್ನ ಕಾಲಕ್ಕೆ ಹೆಚ್ಚುಕಡಿಮೆ ಬಿದ್ದುಹೋಗಿತ್ತೆಂದು 4-5ನೆಯ ಶತಮಾನದ ಆಗಸ್ಟಿನ್ ಬರೆದಿದ್ದಾನೆ. ಇನ್ನೊಂದು ಕೊನೆಯಲ್ಲಿ ಮಾರ್ಸಿಯನ್ ಎಂಬಾತ ಹಳೆಯ ಒಡಂಬಡಿಕೆಯನ್ನೇ ಕಿತ್ತೊಗೆಯಬೇಕೆಂದ. ರೋಮಿನ ಸಭೆ ಸುಮಾರು 144ರಲ್ಲಿ ಅವನನ್ನೇ ಹೊರಹಾಕಿತು. ಕಟ್ಟಳೆಯನ್ನು ಪೂರಾ ಹೊರುವುದೂ ಬೇಡ, ಪೂರಾ ಬಿಸಾಡುವುದೂ ಬೇಡ ಎಂಬ ನಡುದಾರಿ ಹೀಗೆ ಮೊದಲ ಎರಡು ಶತಮಾನಗಳಲ್ಲೇ ತೆರೆಯಿತು.

ಆ ದಾರಿಗೆ ನಿಯಮ ಹಾಕಿಕೊಟ್ಟವನು 13ನೆಯ ಶತಮಾನದ ಥಾಮಸ್ ಅಕ್ವಿನಾಸ್. ಅವನ ಪ್ರಕಾರ ಕಟ್ಟಳೆಗಳಲ್ಲಿ ನೈತಿಕ, ಆಚರಣೆಯ ಮತ್ತು ನ್ಯಾಯಾಡಳಿತದ ಎಂದು ಮೂರು ಬಗೆ. ಮೊದಲನೆಯದು ಮಾತ್ರ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುತ್ತದೆ. ಇಂಗ್ಲೆಂಡಿನ ಸಭೆಯ 39 ವಿಧಿಗಳಲ್ಲಿ ಏಳನೆಯದು ಇದನ್ನೇ ಹೇಳಿತು; ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗಾಗಿ ಸಂಕ್ಷೇಪಿಸಿದ ಪಟ್ಟಿಯಲ್ಲೂ ಇದು ಉಳಿಯಿತು. ಪಾಠ ಹೇಳಲು ಅನುಕೂಲವಾದ ವಿಂಗಡಣೆ ನಿಜ. ಆದರೆ ಮೂಲಗ್ರಂಥ ಈ ಗೆರೆಗಳನ್ನು ಎಳೆದಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯದ 18ನೆಯ ವಚನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸೆನ್ನುತ್ತದೆ. ಅದರ ಬೆನ್ನಿಗೇ 19ನೆಯ ವಚನ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಬೇಡವೆನ್ನುತ್ತದೆ. ಸಬ್ಬತ್ ದಿನದ ವಿಶ್ರಾಂತಿ ಆಚರಣೆಯೋ ನೀತಿಯೋ? ಆಳುಗಳಿಗೂ ಎತ್ತಿಗೂ ಬಿಡುವು ಕೊಡಬೇಕೆನ್ನುವ ಆ ಕಟ್ಟಳೆ ಮೂರೂ ಪೆಟ್ಟಿಗೆಗಳಿಗೆ ಸೇರುತ್ತದೆ.

ಪೆಟ್ಟಿಗೆಗಳಿಗಿಂತ ಒಳ್ಳೆಯ ಅಳತೆಗೋಲು ಕಟ್ಟಳೆಯ ಒಳಗೇ ಇದೆ. ಪ್ರಾಚೀನ ಕಾನೂನುಗಳಲ್ಲಿ ಅಪರೂಪವೆನ್ನುವಷ್ಟು ಸಲ ಇಸ್ರಾಯೇಲ್ಯರ ಕಟ್ಟಳೆ ತನ್ನ ಕಾರಣವನ್ನು ತಾನೇ ಹೇಳಿಕೊಳ್ಳುತ್ತದೆ. ಪರದೇಶಿಯನ್ನು ಹಿಂಸಿಸಬಾರದು, ಏಕೆಂದರೆ ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ. ಬಡವನ ಹೊದಿಕೆಯನ್ನು ಒತ್ತೆಯಿಟ್ಟುಕೊಂಡರೆ ಸಂಜೆಯೊಳಗೆ ಹಿಂದಿರುಗಿಸಬೇಕು, ಏಕೆಂದರೆ ರಾತ್ರಿ ಹೊದೆಯಲು ಅವನಿಗೆ ಇರುವುದು ಅದೊಂದೇ. ಯೇಸು ಸಬ್ಬತ್ತಿನ ಬಗ್ಗೆ ಆಡಿದ ಮಾತಿನ ಸಾರವೂ ಇದೇ: ದಿನ ಇರುವುದು ಮನುಷ್ಯನಿಗಾಗಿ. ಇಡೀ ಶಾಸ್ತ್ರವನ್ನು ಅವನು ನೇತುಹಾಕಿದ ಎರಡು ಆಜ್ಞೆಗಳು, ದೇವರ ಪ್ರೀತಿ ಮತ್ತು ನೆರೆಯವನ ಪ್ರೀತಿ, ಧರ್ಮೋಪದೇಶಕಾಂಡ ಮತ್ತು ಯಾಜಕಕಾಂಡಗಳಿಂದಲೇ ಎತ್ತಿಕೊಂಡವು. ಅಳತೆಗೋಲು ಹೊರಗಿನಿಂದ ತಂದದ್ದಲ್ಲ.

ಜಾತ್ರೆಯ ಊಟ

ಮಧುಗಿರಿಯ ದಂಡಿನ ಮಾರಮ್ಮನಂಥ ಶಕ್ತಿದೇವತೆಗಳ ನಾಡು ಇದು. ಪ್ರಾಣಿಬಲಿ ತಡೆಯಲು 1959ರಷ್ಟು ಹಿಂದೆಯೇ ರಾಜ್ಯದಲ್ಲಿ ಕಾಯಿದೆ ಬಂದರೂ ಊರಹಬ್ಬದಲ್ಲಿ ಮರಿ ಕಡಿದು ನೆಂಟರಿಷ್ಟರನ್ನು ಕರೆಯುವ ರೂಢಿ ಹಳ್ಳಿಗಳಲ್ಲಿ ಬೇರೂರಿದೆ. ಪಕ್ಕದ ಮನೆಯವರು ಬಾಡೂಟಕ್ಕೆ ಕರೆದಾಗ ಕ್ರೈಸ್ತನ ಮುಂದಿರುವ ಎಲೆಯಲ್ಲಿ ಯೆರೂಸಲೇಮ್ ಸಭೆಯ ಎರಡು ನೇಮಗಳು ಒಟ್ಟಿಗೆ ಬಂದು ಕೂರುತ್ತವೆ: ದೇವತೆಗೆ ಅರ್ಪಿಸಿದ ಮಾಂಸ ಮತ್ತು ಹುರಿದ ರಕ್ತ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಇದೇ ಸಂಕಟವನ್ನು ಬಿಡಿಸಿದ್ದಾನೆ. ಅಂಗಡಿಯಲ್ಲಿ ಮಾರುವ ಮಾಂಸದ ಮೂಲ ಕೆದಕಬೇಡಿ, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಿ. ಆದರೆ ಇದು ಅರ್ಪಿಸಿದ್ದೆಂದು ಯಾರಾದರೂ ಎತ್ತಿ ಹೇಳಿದರೆ ಬಿಡಿ, ಅದೂ ಆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಎನ್ನುತ್ತಾನೆ. ದೇವತೆಯ ಮೇಜಿನಲ್ಲಿ ಪಾಲುಗಾರನಾಗುವುದಕ್ಕೆ ಮಾತ್ರ ಅವನು ಒಪ್ಪುವುದಿಲ್ಲ. ಇಲ್ಲಿ ಪೌಲನ ಕಣ್ಣು ಮಾಂಸದ ಮೇಲಿಲ್ಲ, ಪಕ್ಕದ ಎಲೆಯವನ ಮೇಲಿದೆ. ಹೊಸದಾಗಿ ಬಂದ, ಇನ್ನೂ ಅಳುಕುವ ವಿಶ್ವಾಸಿಯನ್ನು ಕಾಯುವುದೇ ಆ ನೇಮದ ಗುರಿ. ಊಟ ನಿರಾಕರಿಸುವುದು ನೆರೆಹೊರೆಯನ್ನು ಕೀಳುಮಾಡುವ ಜಂಬವಾದಾಗ ಅದೇ ನೇಮ ತನ್ನ ಗುರಿಗೆ ಬೆನ್ನು ಹಾಕುತ್ತದೆ.

ಸೂತಕ

ಯಾಜಕಕಾಂಡದ 12ನೆಯ ಅಧ್ಯಾಯ ಬಾಣಂತಿಗೆ ಗಂಡು ಹೆತ್ತರೆ 7 ಮತ್ತು 33 ದಿನ, ಹೆಣ್ಣು ಹೆತ್ತರೆ 14 ಮತ್ತು 66 ದಿನದ ಅಶುದ್ಧಿಯನ್ನು ವಿಧಿಸುತ್ತದೆ. 15ನೆಯದು ಮುಟ್ಟಿನ ಕಟ್ಟಳೆಗಳನ್ನು ಹೇಳುತ್ತದೆ. ಶಿರಾ, ಮಧುಗಿರಿ, ಪಾವಗಡ ಭಾಗದ ಗೊಲ್ಲರಹಟ್ಟಿಗಳನ್ನು ಬಲ್ಲವರಿಗೆ ಈ ಲೆಕ್ಕ ಅಪರಿಚಿತವೆನಿಸದು. ಮುಟ್ಟಾದವಳನ್ನೂ ಹಸಿ ಬಾಣಂತಿಯನ್ನೂ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿಯ ವಿರುದ್ಧ ಹಟ್ಟಿಯ ಒಳಗೂ ಹೊರಗೂ ದನಿ ಎದ್ದಿದೆ. 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ತಡೆ ಕಾಯಿದೆ ಅಂಥ ಪ್ರತ್ಯೇಕತೆಯನ್ನು ಅಪರಾಧದ ಪಟ್ಟಿಗೆ ಸೇರಿಸಿದೆ. ಬಾಣಂತಿಯನ್ನು ಊರಾಚೆ ಕಳಿಸೆಂದು ಯಾಜಕಕಾಂಡ ಹೇಳುವುದಿಲ್ಲ, ಪವಿತ್ರಸ್ಥಳಕ್ಕೆ ಬರಬೇಡವೆನ್ನುತ್ತದೆ. ಹಾಗಿದ್ದೂ ಪಶ್ಚಿಮದ ಕ್ರೈಸ್ತಸಭೆ ಇದನ್ನು ಕ್ರಮೇಣ ಕೈಬಿಟ್ಟಿತು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನಜಂಗುಳಿಯಲ್ಲಿ ಯೇಸುವಿನ ಬಟ್ಟೆ ಮುಟ್ಟಿದ ಪ್ರಸಂಗದಲ್ಲಿ ಮೈಲಿಗೆಯಾಯಿತೆಂದು ಯಾರೂ ದೂರುವುದಿಲ್ಲ, ಅವಳನ್ನು ಮಗಳೇ ಎಂದು ಕರೆಯಲಾಗುತ್ತದೆ. 601ರ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ಪ್ರಶ್ನೆಗೆ ಪೋಪ್ ಗ್ರೆಗರಿ ಕೊಟ್ಟ ಉತ್ತರವನ್ನು ಬೀಡ್ ಎಂಬ ಚರಿತ್ರಕಾರ ದಾಖಲಿಸಿದ್ದಾನೆ: ಹೆತ್ತ ದಿನವೇ ತಾಯಿ ಚರ್ಚಿಗೆ ಬಂದರೂ ಪಾಪವಿಲ್ಲ, ಮುಟ್ಟಾದವಳನ್ನು ತಡೆಯಬಾರದು. ಆದರೂ ಹಳೆಯ ಗುರುತು ಪೂರ್ತಿ ಅಳಿಸಿಲ್ಲ. ಕ್ರಿಸ್ಮಸ್ಸಿನಿಂದ 40ನೆಯ ದಿನ, ಫೆಬ್ರವರಿ 2ರಂದು, ಮೇಣದಬತ್ತಿಗಳನ್ನು ಆಶೀರ್ವದಿಸುವ ಕಥೋಲಿಕರ ಹಬ್ಬ ಮರಿಯಮ್ಮನವರ ಶುದ್ಧೀಕರಣದ ದಿನದ ಎಣಿಕೆಯೇ; 7 ಮತ್ತು 33 ಕೂಡಿದರೆ 40. ಕಟ್ಟಳೆಯ ಭಾರ ಹೋಗಿ ದೀಪ ಉಳಿದಿದೆ. ಜಾತಿಯ ಮೈಲಿಗೆಯನ್ನು ಮೈಮೇಲೆ ಉಂಡ ದಲಿತ ಕ್ರೈಸ್ತರಿಗೆ ಈ ಅಧ್ಯಾಯಗಳನ್ನು ಓದಿಸುವ ಬೋಧಕ ಕಥೆಯ ಈ ಇನ್ನರ್ಧವನ್ನೂ ಹೇಳಲೇಬೇಕು.

ಸಂಬಂಧ

ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಕನ್ನಡ ನಾಡಿನಲ್ಲಿ ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯಿದೆ ಇಂಥವನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿ, ರೂಢಿಯಿದ್ದಲ್ಲಿ ಬಿಡುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1872ರ ಕಾಯಿದೆ ತನ್ನದೇ ಪಟ್ಟಿ ಕೊಡದೆ, ಅವರವರ ವೈಯಕ್ತಿಕ ಕಾನೂನು ತಡೆಯುವ ಮದುವೆಯನ್ನು ತಾನು ಸಿಂಧು ಮಾಡುವುದಿಲ್ಲ ಎಂದಷ್ಟೇ ಹೇಳುತ್ತದೆ. ಹೀಗಾಗಿ ಪ್ರಶ್ನೆ ಸಭೆಯ ನಿಯಮಕ್ಕೆ, ಅಲ್ಲಿಂದ ಯಾಜಕಕಾಂಡದ 18ನೆಯ ಅಧ್ಯಾಯಕ್ಕೆ ಹೋಗುತ್ತದೆ. ಅಲ್ಲೊಂದು ಸೋಜಿಗವಿದೆ. ಆ ಅಧ್ಯಾಯ ಅಪ್ಪನ ತಂಗಿ, ಅಮ್ಮನ ತಂಗಿಯರನ್ನು ನಿಷೇಧಿಸುತ್ತದೆ. ಅಕ್ಕನ ಮಗಳ ಮಾತೆತ್ತುವುದಿಲ್ಲ. ಯೆಹೂದ್ಯರ ತಾಲ್ಮೂದ್ ಅಕ್ಕತಂಗಿಯರ ಮಗಳನ್ನು ಮದುವೆಯಾಗುವವನನ್ನು ಹೊಗಳುತ್ತದೆ. ಮೃತ ಸಮುದ್ರದ ಬಳಿಯ ಪಂಗಡದ ದಮಸ್ಕದ ದಾಖಲೆ ಇದನ್ನು ಖಂಡಿಸುತ್ತದೆ: ಕಟ್ಟಳೆಯನ್ನು ಗಂಡಸರನ್ನು ಕುರಿತು ಬರೆದಿದ್ದರೂ ಹೆಂಗಸರಿಗೂ ಅದು ಸಮವಾಗಿ ಸಲ್ಲಬೇಕು, ಚಿಕ್ಕಮ್ಮನನ್ನು ಮದುವೆಯಾಗಬಾರದೆಂದರೆ ಸೋದರಮಾವನನ್ನೂ ಆಗಬಾರದು. ತುಮಕೂರಿನ ಜಗಲಿಯಲ್ಲಿ ನಡೆಯಬಹುದಾದ ವಾದ ಎರಡು ಸಾವಿರ ವರ್ಷಗಳ ಹಿಂದೆಯೇ ನಡೆದಿತ್ತು.

ಸಭೆಗಳೂ ಒಂದೇ ಉತ್ತರ ಕೊಟ್ಟಿಲ್ಲ. ಇಂಗ್ಲೆಂಡಿನ ಸಭೆಯ 1563ರ ಪಟ್ಟಿ ಸೋದರಮಾವನನ್ನು ತಡೆದು, ಅತ್ತೆಮಾವಂದಿರ ಮಕ್ಕಳಿಗೆ ದಾರಿ ಬಿಟ್ಟಿತು. ಕಥೋಲಿಕ ಸಭೆ 1215ರ ಲ್ಯಾಟರನ್ ಮಹಾಸಭೆಯಲ್ಲಿ ಏಳು ತಲೆಯವರೆಗಿದ್ದ ನಿಷೇಧವನ್ನು ನಾಲ್ಕಕ್ಕೆ ಇಳಿಸಿತು. 1983ರ ಕೆನಾನ್ ಸಂಹಿತೆಯ 1091ನೆಯ ವಿಧಿ ಸೋದರಮಾವನನ್ನೂ ಅತ್ತೆಮಾವಂದಿರ ಮಕ್ಕಳನ್ನೂ ತಡೆಯುತ್ತದೆ, ಆದರೆ ಇವು ಬಿಷಪರು ವಿನಾಯಿತಿ ಕೊಡಬಹುದಾದ ತಡೆಗಳು. ಒಡಹುಟ್ಟಿದವರ ವಿಷಯದಲ್ಲಿ ವಿನಾಯಿತಿಯಿಲ್ಲ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಣ್ಣತಂಗಿ, ಅತ್ತೆಮಾವನ ಮಕ್ಕಳು ಕೊಟ್ಟುತರುವವರು ಎಂಬ ಕನ್ನಡದ ಭೇದ ರೋಮಿನ ಲೆಕ್ಕಕ್ಕೆ ಕಾಣುವುದೇ ಇಲ್ಲ. ಇಷ್ಟು ಏರಿಳಿತ ಕಂಡ ಮೇಲೆ ಪಟ್ಟಿಯೇ ದೇವರ ಮಾತೆನ್ನುವುದು ಕಷ್ಟ. 18ನೆಯ ಅಧ್ಯಾಯ ಕಾಯ ಹೊರಟದ್ದು ಒಂದೇ ಸೂರಿನಡಿಯ ಕೂಡುಕುಟುಂಬದಲ್ಲಿ ಹಿರಿಯ ಗಂಡಸರ ಕೈಗೆ ಸುಲಭವಾಗಿ ಸಿಗುವ ಹೆಂಗಸರನ್ನು. ಆ ಕಾವಲನ್ನು ಇಂದು ಉಳಿಸಿಕೊಳ್ಳುವುದೆಂದರೆ ಸಂಬಂಧ ಯಾವ ತಲೆಯದೆಂದು ಎಣಿಸುವುದರ ಜೊತೆಗೆ, ಎತ್ತಿ ಆಡಿಸಿದ ಮಾವನಿಗೆ ಒಲ್ಲೆ ಎನ್ನುವ ಧೈರ್ಯ ಆ ಹುಡುಗಿಗೆ ಇತ್ತೇ ಎಂದೂ ಕೇಳುವುದು.

ವಿಧವೆ ಮತ್ತು ಮಗಳು

ಗಂಡನೊಡನೆ ಚಿತೆಯೇರಿದ, ಹಿಮ್ಮಡಿ ಮುಟ್ಟುವ ಕೇಶದ ರಾಜಕುಮಾರಿಯಿಂದ ಮಿಡಿಗೇಶಿ ದುರ್ಗಕ್ಕೆ ಆ ಹೆಸರು ಬಂತೆಂಬುದು ಐತಿಹ್ಯ. ವಿಧವೆಗೆ ಬದುಕಿನಲ್ಲಿ ಎಡೆಯೆಲ್ಲಿ ಎಂಬ ಪ್ರಶ್ನೆಯನ್ನು ಆ ದುರ್ಗದ ಹೆಸರೇ ಹೊತ್ತು ನಿಂತಿದೆ. ಮೋಶೆಯ ಕಟ್ಟಳೆ ವಿಧವೆಯ ಬಟ್ಟೆಯನ್ನು ಒತ್ತೆ ಹಿಡಿಯಬೇಡವೆನ್ನುತ್ತದೆ, ಗಂಡುಸಂತಾನವಿಲ್ಲದಿದ್ದರೆ ಮೈದುನ ಅವಳನ್ನು ಕೈಹಿಡಿಯಬೇಕೆನ್ನುತ್ತದೆ. ಆದರೆ ಅರಣ್ಯಕಾಂಡದ 27ನೆಯ ಅಧ್ಯಾಯದ ವಾರಸುದಾರರ ಪಟ್ಟಿಯಲ್ಲಿ ಅವಳಿಗೆ ಜಾಗವಿಲ್ಲ. ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಎದ್ದುನಿಂತು ಕೇಳಿದ್ದರಿಂದ ಮಗಳಿಗೆ ಪಾಲು ಬಂತು, ಅದೂ ಮಗನಿಲ್ಲದಿದ್ದರೆ ಮಾತ್ರ. ಕಲ್ಯಾಣದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ ವಿಭಕ್ತನಾಗಿ, ಗಂಡುಸಂತಾನವಿಲ್ಲದೆ ಸತ್ತವನ ಹೆಂಡತಿಗೆ ಆಸ್ತಿ ಸಲ್ಲಬೇಕೆಂದ. ಈ ಒಂದು ಮಾತಿನಲ್ಲಿ ಅವನು ಮೋಶೆಗಿಂತ ಮುಂದಿದ್ದಾನೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಡಿ, ಉಯಿಲು ಬರೆಯದೆ ಸತ್ತ ಕ್ರೈಸ್ತನ ವಿಧವೆಗೆ ಮಕ್ಕಳಿದ್ದರೆ ಮೂರನೆಯ ಒಂದು ಪಾಲು. ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಹಕ್ಕು ದೃಢವಾಗಲು ಮೇರಿ ರಾಯ್ ಮೊಕದ್ದಮೆಯ 1986ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಇಲ್ಲಿ ಕಟ್ಟಳೆಯ ಅಕ್ಷರಕ್ಕಿಂತ ಮುಂದೆ ಹೋದವರೇ ಅದರ ಉದ್ದೇಶವನ್ನು ಪಾಲಿಸಿದವರು.

ಹಕ್ಕಲು

ಕೊಯ್ಲಿನಲ್ಲಿ ಹೊಲದ ಅಂಚನ್ನು ಬರಿದು ಮಾಡಬೇಡ, ಉದುರಿದ್ದನ್ನು ಬಡವನಿಗೂ ಪರದೇಶಿಗೂ ಬಿಡು ಎನ್ನುತ್ತದೆ ಯಾಜಕಕಾಂಡ 19. ರೂತಳ ಕಥೆಯಲ್ಲಿ ಕನ್ನಡ ಬೈಬಲ್ ಇದಕ್ಕೆ ಬಳಸಿದ ಮಾತು ‘ಹಕ್ಕಲು’. ಅನುವಾದಕರು ಇದನ್ನು ಹೊಸದಾಗಿ ಕಟ್ಟಬೇಕಿರಲಿಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಕಾಯಿ ಆರಿಸುವ ಕೈಗಳಿಗೆ ಅದು ಗೊತ್ತೇ ಇತ್ತು. ಯಾಜಕಕಾಂಡ 25 ಭೂಮಿಯನ್ನು ಶಾಶ್ವತವಾಗಿ ಮಾರಬಾರದೆನ್ನುತ್ತದೆ. ಐವತ್ತನೆಯ ಜೂಬಿಲಿ ವರ್ಷಕ್ಕೆ ನೆಲ ಮೂಲ ಒಡೆಯನಿಗೆ ಹಿಂದಿರುಗಬೇಕಾದ್ದರಿಂದ, ಅಲ್ಲಿಯವರೆಗಿನ ಬೆಳೆಗಳನ್ನು ಎಣಿಸಿ ಬೆಲೆ ಕಟ್ಟಬೇಕು. ಅಂದರೆ ಅದು ಕ್ರಯವಲ್ಲ, ಗುತ್ತಿಗೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಎದ್ದ 2,050 ಮೆಗಾವಾಟ್ ಸೌರ ಪಾರ್ಕ್ ಕೂಡ ರೈತರ ನೆಲವನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರಗಾಲಕ್ಕೆ ಬೇಸತ್ತ ಹಿಡುವಳಿದಾರನಿಗೆ ಒಡೆತನವೂ ಉಳಿಯಿತು, ಆದಾಯವೂ ಬಂತು. 25ನೆಯ ಅಧ್ಯಾಯದ ಕಣ್ಣಿಗೆ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಫಲಕಗಳ ಅಡಿಯಲ್ಲಿ ಹಕ್ಕಲು ಬೀಳುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವಳಿಗೂ, ಬೀಳುನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಬಾಡಿಗೆಯಲ್ಲಿ ಪಾಲಿಲ್ಲ. 19ನೆಯ ಅಧ್ಯಾಯ ಕೇಳುವುದು ಅವರನ್ನು. ಇಸ್ರಾಯೇಲಿನ ಕಟ್ಟಳೆ ಇಲ್ಲಿ ಯಾರನ್ನೂ ಕಾನೂನಿನಂತೆ ಕಟ್ಟುವುದಿಲ್ಲ. ಆದರೆ ಒಡೆಯನಿಗೆ ನ್ಯಾಯ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆಂದು ತೋರಿಸುತ್ತದೆ.

ಆಕ್ಷೇಪಗಳು

ಶಾಸ್ತ್ರದ ಒಂದು ಗುಡುಸೂ ಅಳಿಯದೆಂದು ಮತ್ತಾಯ 5ರಲ್ಲಿ ಯೇಸುವೇ ಹೇಳಿಲ್ಲವೇ ಎಂಬುದು ಮೊದಲ ಆಕ್ಷೇಪ. ಹೇಳಿದ್ದಾನೆ, ಆದರೆ ಅದೇ ಉಸಿರಿನಲ್ಲಿ, ಕೊಲ್ಲಬೇಡವೆಂಬುದನ್ನು ಕೋಪದವರೆಗೂ, ಕಣ್ಣಿಗೆ ಕಣ್ಣೆಂಬುದನ್ನು ಸೇಡು ಬಿಡುವವರೆಗೂ ಒಯ್ದು, ನೆರವೇರಿಸುವುದೆಂದರೇನೆಂದು ತೋರಿಸುತ್ತಾನೆ. ಬೇಕಾದ್ದನ್ನು ಹೆಕ್ಕಿ ಬೇಡದ್ದನ್ನು ಬಿಡುವ ಜಾಣತನವಿದು ಎಂಬುದು ಎರಡನೆಯದು. ಈ ದೂರು ನಿಜವಾಗಿ ತಗಲುವುದು ಅಳತೆಗೋಲಿಲ್ಲದೆ ಹೆಕ್ಕುವವರಿಗೆ: ಸಲಿಂಗಿಗಳ ವಿರುದ್ಧ ಯಾಜಕಕಾಂಡವನ್ನು ಎತ್ತಿ, ಅದೇ ಪುಸ್ತಕದ ಬಡ್ಡಿ ನಿಷೇಧವನ್ನು ಮರೆಯುವವರಿಗೆ. ಸಲಿಂಗಿಗಳ ವಿಷಯದಲ್ಲಿ ಸಭೆಗಳು ಒಡೆದಿವೆ. ವಚನವೊಂದನ್ನು ತೋರಿಸಿದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಹಾಗಾದರೆ ಎಲ್ಲವನ್ನೂ ಪಾಲಿಸಿದರಾಯಿತು ಎಂಬುದು ಮೂರನೆಯ ನಿಲುವು. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆ ಸುನ್ನತಿಯನ್ನು ಉಳಿಸಿಕೊಂಡಿದೆ, ಹಂದಿಮಾಂಸವನ್ನು ಬಿಟ್ಟಿದೆ; ಸೆವೆಂತ್ ಡೇ ಅಡ್ವೆಂಟಿಸ್ಟರು ಶನಿವಾರದ ಸಬ್ಬತ್ತನ್ನು ಆಚರಿಸುತ್ತಾರೆ. ಅವರ ನಿಷ್ಠೆ ಗೌರವಕ್ಕೆ ಅರ್ಹ, ಆದರೆ ಅವರೂ ಬಲಿಪೀಠ ಕಟ್ಟುವುದಿಲ್ಲ, ಮಾತು ಕೇಳದ ಮಗನಿಗೆ ಕಲ್ಲೆಸೆಯುವುದಿಲ್ಲ. ಆಯ್ಕೆ ಅಲ್ಲಿಯೂ ಇದೆ. ಕೊನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಕ್ರೈಸ್ತರು ಹೀಗೆ ಅರ್ಥ ಬಿಡಿಸುವುದು ಯೆಹೂದ್ಯರಿಂದ ಅವರ ಪುಸ್ತಕವನ್ನು ಕಸಿದಂತಲ್ಲವೇ? ಆ ಅಪಾಯ ಚರಿತ್ರೆಯಲ್ಲಿ ರಕ್ತವಾಗಿ ಹರಿದಿದೆ. ದೇವರು ಯೆಹೂದ್ಯರೊಡನೆ ಮಾಡಿದ ಒಡಂಬಡಿಕೆ ಮುರಿದಿಲ್ಲವೆಂಬ ಪೌಲನ ಮಾತಿಗೆ ಕಥೋಲಿಕ ಸಭೆ 1965ರ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ ಮರಳಿತು. ಕ್ರೈಸ್ತನ ಓದು ಎರವಲು ಪುಸ್ತಕದ ಓದೆಂದು ನೆನಪಿಟ್ಟುಕೊಳ್ಳುವುದು ಒಳಿತು.

ಒಟ್ಟಿನಲ್ಲಿ, ಮೋಶೆಯ ಕಟ್ಟಳೆಗಳಲ್ಲಿ ಕನ್ನಡ ಕ್ರೈಸ್ತರಿಗೆ ಹೆಚ್ಚು ಹತ್ತಿರವಾದವು ಪೀಠದಿಂದ ಹೆಚ್ಚು ಕೇಳಿಬರುವ ದಶಮಾಂಶವೂ ಅಲ್ಲ, ಸಬ್ಬತ್ತೂ ಅಲ್ಲ. ಒತ್ತೆಯ ಹೊದಿಕೆ, ಮಗಳ ಪಾಲು, ಹೊಲದಂಚಿನ ಹಕ್ಕಲು. ಮೈಲಿಗೆಯ ಅಧ್ಯಾಯಗಳ ಭಾರವನ್ನು ಪೋಪ್ ಗ್ರೆಗರಿ ಇಳಿಸಿ ಹದಿನಾಲ್ಕು ಶತಮಾನಗಳಾಗಿವೆ. ಹಕ್ಕಲಿನ ವಚನ ಮಾತ್ರ ಇಂದಿಗೂ ತನ್ನ ಪ್ರಶ್ನೆಯನ್ನು ಕೇಳುತ್ತಲೇ ಇದೆ.